ತುಪ್ಪ ಬ್ಯಾಡ್ರಿ, ಎಣ್ಣಿ ಒಗ್ಗರಣಿ ಸಾಕು
ತೊಗರ್ಸಿ ಸುತ್ತಿನ ಖಾನಾವಳಿ, ದಾಸೋಹದ ಪಂಕ್ತಿ ಮತ್ತು ಹಾಲು ಮುಟ್ಟದ ಅತಿಥಿ

ತೊಗರ್ಸಿಯ ಮಲ್ಲಿಕಾರ್ಜುನನಿಗೆ ಕೈ ಮುಗಿದು ಶಿರಾಳಕೊಪ್ಪದ ಪೇಟೆಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಖಾನಾವಳಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ರೊಟ್ಟಿ ಬಡಿಯುವ ಸದ್ದು ರಸ್ತೆಗೇ ಕೇಳುತ್ತದೆ. ಒಳಗೆ ಕುದಿನೀರಿನಲ್ಲಿ ನಾದಿದ ಜೋಳದ ಹಿಟ್ಟು ಅಂಗೈ ಕೆಳಗೆ ತಿರುಗುತ್ತಾ ಅಗಲವಾಗುತ್ತದೆ, ಹಂಚಿನ ಮೇಲೆ ಉಬ್ಬುತ್ತದೆ, ನೇರ ತಟ್ಟೆಗೆ ಬರುತ್ತದೆ. ಪಕ್ಕದಲ್ಲಿ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ, ಒಂದು ಹಿಡಿ ಮೆಂತ್ಯಸೊಪ್ಪು.

ಆ ತಟ್ಟೆಯ ಮುಂದೆ ದೂರದೂರಿನ ಹುಡುಗಿಯೊಬ್ಬಳು ಕೂತಿದ್ದಾಳೆ ಎಂದುಕೊಳ್ಳಿ. ಬಡಿಸುವಾಕೆ ರೊಟ್ಟಿಯ ಮೇಲೆ ಬೆಣ್ಣೆ ಇಡಲು ಬಂದಾಗ ಅಂಗೈ ಅಡ್ಡ ಹಿಡಿಯುತ್ತಾಳೆ.

"ಅಕ್ಕಾರೆ, ಬೆಣ್ಣಿ, ತುಪ್ಪ, ಮಸರು ಏನೂ ಬ್ಯಾಡ್ರಿ."

"ಯಾಕವ್ವಾ, ಮೈಗೆ ಆಗಿ ಬರಂಗಿಲ್ಲೇನು?"

"ಹಾಲಿಂದು ಏನೂ ತಿನ್ನಂಗಿಲ್ರಿ."

"ಹಂಗಾದ್ರ ಇನ್ನೊಂದೀಟು ಚಟ್ನಿ ಹಾಕ್ಕೊ. ಎಣ್ಣಿ ಕೊಡ್ತೀನಿ, ಕಲಸ್ಕೊ."

ಇಷ್ಟೇ ಮಾತು. ಊಟ ಮುಂದುವರಿಯುತ್ತದೆ. ಇಂಥ ಅತಿಥಿಗೆ ನಗರದ ಹೋಟೆಲುಗಳಲ್ಲಿ ಈಗ ಬೇರೆ ಮೆನು, ಬೇರೆ ಬೆಲೆ ಇರುತ್ತದೆ. ಶಿಕಾರಿಪುರ-ಸೊರಬದ ಸೀಮೆಯಲ್ಲಿ ಅವಳಿಗೆ ಬೇಕಾದದ್ದು ಬಹಳ ಹಿಂದಿನಿಂದಲೇ ಒಲೆಯ ಮೇಲಿದೆ. ಈ ಲೇಖನ ಆ ಒಲೆಗಳ ಪರಿಚಯ.

ಹೊಸ ಹೆಸರು

ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನನ್ನೂ ಬಿಟ್ಟವರನ್ನು ಲೋಕ ಈಗ ವೀಗನ್ ಎನ್ನುತ್ತದೆ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ವೀಗನ್ ಸೊಸೈಟಿ ಕಟ್ಟಿದಾಗ ಹುಟ್ಟಿದ ಪದ ಇದು. ಪ್ರಾಣಿಯನ್ನು ನೋಯಿಸಿ ಪಡೆದದ್ದು ಯಾವುದೂ ಬೇಡ ಎಂಬುದು ಅದರ ತಿರುಳು. ನಮ್ಮ ದೇಶದಲ್ಲೂ 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ವೀಗನ್ ಆಹಾರಕ್ಕೆಂದೇ ಪ್ರತ್ಯೇಕ ನಿಯಮ ತಂದಿತು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ಇವರು ಕೊಳ್ಳುವಂತಿಲ್ಲ. ಹಾಲಿನ ಪುಡಿ ಹಾಕಿದ ಬಿಸ್ಕತ್ತಿಗೂ ಹಸಿರು ಚುಕ್ಕೆಯೇ ಇರುತ್ತದೆ.

ಹೊರನಾಡಿನಲ್ಲಿ ಇಂಥ ಊಟ ಹುಡುಕುವ ಪಾಡು ಹೇಗಿರುತ್ತದೆ ಎಂಬುದಕ್ಕೆ ಪೋಲೆಂಡಿನ ನಗರಗಳನ್ನು ನೋಡಬೇಕು. ಅಲ್ಲಿ ಅಗ್ಗದ ಊಟದ ಹಳೆಯ ಮನೆಯ ಹೆಸರೇ 'ಬಾರ್ ಮ್ಲೆಚ್ನಿ', ಎಂದರೆ ಹಾಲಿನಂಗಡಿ. ಸ್ತಾನಿಸ್ಲಾವ್ ದ್ಲುಜೆವ್ಸ್ಕಿ ಎಂಬ ಜಮೀನುದಾರ 1896ರಲ್ಲಿ ವಾರ್ಸಾದಲ್ಲಿ ಇಂಥ ಮೊದಲ ಅಂಗಡಿ ತೆರೆದ. ಹಾಲು, ಗಿಣ್ಣು, ಮೊಟ್ಟೆ, ಹಿಟ್ಟು ಇವೇ ಅಲ್ಲಿನ ಬಂಡವಾಳ. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಸರ್ಕಾರದ ಸಹಾಯಧನದಿಂದ ಇವು ಊರೂರಿಗೆ ಹರಡಿ, ಕೂಲಿಯವರಿಗೂ ವಿದ್ಯಾರ್ಥಿಗಳಿಗೂ ಹೊಟ್ಟೆ ತುಂಬ ಉಣಿಸಿದವು. ಅಲ್ಲಿ ಸಿಗುವ ಪಿಯೆರೋಗಿ ನಮ್ಮ ಕಡುಬಿನ ದೂರದ ನೆಂಟ. ಆಲೂಗಡ್ಡೆ ತುಂಬಿದ ಕಡುಬು ಎಂದು ನಂಬಿ ತೆಗೆದುಕೊಂಡರೆ ಒಳಗೆ ಗಿಣ್ಣೂ ಬೆರೆತಿರುತ್ತದೆ. ಎಲೆಕೋಸು, ಅಣಬೆ ತುಂಬಿದ್ದನ್ನು ಕೇಳಿದರೆ ಮೇಲೆ ಬೆಣ್ಣೆಯೋ ಹುರಿದ ಹಂದಿಕೊಬ್ಬಿನ ಚೂರೋ ಬೀಳಬಹುದು. ಬಡಿಸುವ ಮೊದಲೇ ಕೇಳಿಕೊಂಡವರಿಗೆ ಅದೇ ಕಡುಬು ಒಳ್ಳೆಯ ಊಟ. ವಾರ್ಸಾ ಇಂದು ವೀಗನ್ ಊಟದ ಮನೆಗಳಿಗೆ ಯುರೋಪಿನಲ್ಲಿ ಹೆಸರಾದ ನಗರ. ಆದರೂ ಅಲ್ಲಿನ ಹಳೆಯ ಅಡುಗೆಯಲ್ಲಿ ವೀಗನ್ನರಿಗೆ ಹೊಂದುವ ಬಹಳಷ್ಟು ತಿನಿಸುಗಳು ಬಂದದ್ದು ಕ್ರೈಸ್ತರ ಉಪವಾಸದ ದಿನಗಳಿಂದ ಮತ್ತು ಬಡವರ ಒಲೆಯಿಂದ. ಕ್ರಿಸ್ಮಸ್ ಹಿಂದಿನ ರಾತ್ರಿ ಮಾಂಸ ಮುಟ್ಟದೆ ಮಾಡುವ ಊಟದ ಬೀಟ್‌ರೂಟ್ ಸಾರು, ಎಲೆಕೋಸಿನ ಜೊತೆ ಬೆಂದ ಬಟಾಣಿ, ಒಣಹಣ್ಣಿನ ಪಾನಕ, ಎಲ್ಲ ಅಂಥವೇ.

ನಮ್ಮ ಸೀಮೆಯಲ್ಲೂ ಹಾಗೆಯೇ. ಹೈನು ಇದ್ದ ಮನೆಯಲ್ಲಿ ತುಪ್ಪ. ಇಲ್ಲದ ಮನೆಯಲ್ಲಿ ಶೇಂಗಾ ಎಣ್ಣೆ, ಹುಚ್ಚೆಳ್ಳಿನ ಹಿಂಡಿ, ಕಾಡಿನ ಸೊಪ್ಪು. ಹೈನಿಲ್ಲದ ಮನೆಯ ತಾಯಂದಿರು ರುಚಿಗಟ್ಟಿ ಇಟ್ಟುಹೋದ ಅಡುಗೆಯೇ ಇಂದು ಈ ಹೊಸ ಅತಿಥಿಗೆ ಸಲ್ಲುತ್ತಿದೆ.

ಮೂಡಲ ತಟ್ಟೆ, ಪಡುವಲ ಎಲೆ

ಬಯಲು ಮುಗಿದು ಮಲೆನಾಡು ತೊಡಗುವ ಅಂಚಿನಲ್ಲಿ ಈ ಸೀಮೆ ಇದೆ. ಹಾಗಾಗಿ ಇಲ್ಲಿ ಎರಡು ಅಡುಗೆಮನೆಗಳು. ಶಿಕಾರಿಪುರದಿಂದ ಹಿರೇಕೆರೂರಿನ ಕಡೆ ಮುಖ ಮಾಡಿದರೆ ಜೋಳದ ರೊಟ್ಟಿಯ ರಾಜ್ಯ. ರೊಟ್ಟಿಗೆ ಹಿಟ್ಟು, ನೀರು ಬಿಟ್ಟರೆ ಬೇರೇನೂ ಬೇಡ. ಬದನೆಕಾಯಿಗೆ ಶೇಂಗಾ, ಎಳ್ಳು, ಒಣಕೊಬ್ಬರಿಯ ಮಸಾಲೆ. ಕಡಲೆಹಿಟ್ಟಿನ ಜುಣಕ, ಅಗಸೆ ಚಟ್ನಿ, ಗುರೆಳ್ಳು ಚಟ್ನಿ, ಹುರುಳಿಕಟ್ಟಿನ ಸಾರು, ಎಲ್ಲವೂ ಎಣ್ಣೆಯ ಅಡುಗೆ. ಸಂಜೆ ಸಂತೆಯಲ್ಲಿ ಮಂಡಕ್ಕಿ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ಹಾಲಿನ ಹಂಗಿಲ್ಲದ ಹಬ್ಬ ಅದು.

ಆನವಟ್ಟಿ ದಾಟಿ ಸೊರಬ, ಚಂದ್ರಗುತ್ತಿಯ ಕಡೆ ಇಳಿದರೆ ಅಕ್ಕಿಯ ರಾಜ್ಯ. ಅಕ್ಕಿ ರೊಟ್ಟಿ, ಕೊಟ್ಟೆ ಕಡುಬು, ಮಳೆಗಾಲದ ಪತ್ರೊಡೆ. ಕೆಸುವಿನ ಸೊಪ್ಪು ಗಂಟಲು ಕೆರೆಯದ ಹಾಗೆ ಹುಳಿ ಹಾಕಿ ಬೇಯಿಸುವುದು, ಎಳೆ ಬಿದಿರಿನ ಕಳಲೆಯನ್ನು ಹೆಚ್ಚಿ ನೀರು ಬದಲಿಸುತ್ತಾ ನೆನೆಹಾಕಿ ಪಲ್ಯಕ್ಕೆ ಹದಗೊಳಿಸುವುದು, ಇವೆಲ್ಲ ಕೈಯಿಂದ ಕೈಗೆ ಬಂದ ವಿದ್ಯೆ. ಬೇಯಿಸಿದ ಹುಳಿಮಾವನ್ನು ಹಿಸುಕಿ, ನೀರು, ಉಪ್ಪು ಬೆರೆಸಿ, ಸಾಸಿವೆ-ಇಂಗಿನ ಒಗ್ಗರಣೆ ಕೊಟ್ಟ ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸಿಕೊಂಡು, ಉಳಿದದ್ದನ್ನು ಕುಡಿದು ಎದ್ದರೆ ಮಜ್ಜಿಗೆ ನೆನಪಾಗುವುದಿಲ್ಲ. ಸಿಹಿ ಬೇಕೆನ್ನುವವರಿಗೆ ಬೆಲ್ಲ, ಕಾಯಿಹಾಲಿನ ಪಾಯಸ. ಬಾಯಾರಿದವರಿಗೆ ಮುರುಗಲ ಹಣ್ಣಿನ ಪಾನಕ.

ಈ ಪಡುವಲ ಅಡುಗೆಯ ತುತ್ತತುದಿ ಭೂಮಿ ಹುಣ್ಣಿಮೆ. ಸೊರಬ, ಸಾಗರದ ದೀವರ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಚಿತ್ತಾರ ಬರೆದು ಭೂಮಣ್ಣಿ ಬುಟ್ಟಿ ಸಿದ್ಧ ಮಾಡುತ್ತಾರೆ. ಕಾಡು, ಬೇಲಿ, ಗದ್ದೆಯ ಬದುವಿನಿಂದ ತಂದ ಬಗೆಬಗೆಯ ಸೊಪ್ಪು, ಚಿಗುರುಗಳನ್ನು ಬೇಯಿಸಿದ ಹಚ್ಚಂಬಲಿಯನ್ನು ಬೆಳಕು ಹರಿಯುವ ಮುನ್ನ ಗದ್ದೆಗೆ ಬೀರುತ್ತಾರೆ. ತೆನೆ ಹೊತ್ತ ಭೂಮಿತಾಯಿ ಬಸುರಿ, ಅವಳ ಬಯಕೆಯ ಊಟ ಇದು ಎಂಬ ನಂಬಿಕೆ. ನೂರೊಂದು ಬಗೆಯ ಸೊಪ್ಪು ಬೇಕೆಂಬ ಮಾತೂ ಉಂಟು. ಅಷ್ಟು ಎಲೆಗಳ ಗುರುತು ಹೇಳಬಲ್ಲ ಅಜ್ಜಿಯರು ಕಡಿಮೆಯಾಗುತ್ತಿದ್ದಾರೆ. ಅವರ ಜೊತೆ ಒಂದು ಬೆಳಿಗ್ಗೆ ಗದ್ದೆಬದು ಸುತ್ತುವುದು ಮಕ್ಕಳಿಗೆ ದೊಡ್ಡ ಪಾಠ.

ಹಾಲು ಅಡಗಿರುವ ಜಾಗ

ಇಷ್ಟಾದರೂ ಎಚ್ಚರ ಬೇಕು. ಹಾಲು, ತುಪ್ಪ ನಮ್ಮಲ್ಲಿ ಪ್ರೀತಿಯ ಗುರುತು. ಕೇಳದಿದ್ದರೂ ಹಾಕುತ್ತಾರೆ, ಬೇಡವೆಂದರೆ ಸಂಕೋಚವೆಂದು ತಿಳಿದು ಇನ್ನಷ್ಟು ಹಾಕುತ್ತಾರೆ. ಹೋಳಿಗೆಯ ಹೂರಣದಲ್ಲಿ ಬೇಳೆ, ಬೆಲ್ಲವಷ್ಟೇ ಇದ್ದರೂ ಮೇಲೆ ತುಪ್ಪ ಸುರಿಯುತ್ತದೆ. ಮಲೆನಾಡಿನ ತಂಬುಳಿ ಎಂದರೆ ಮಜ್ಜಿಗೆಯೇ. ಕಷಾಯಕ್ಕೆ ಹಾಲು ಬೀಳುತ್ತದೆ. ಕೇಸರಿಬಾತು ತುಪ್ಪವಿಲ್ಲದೆ ಆಗದು. ಉಪ್ಪಿಟ್ಟು, ದೋಸೆಗೆ ಎಣ್ಣೆಯೋ ಬೆಣ್ಣೆಯೋ ಕೇಳಬೇಕು. ಚಪಾತಿ ಮೆತ್ತಗಾಗಲೆಂದು ಹಿಟ್ಟಿಗೆ ಹಾಲು ಬೆರೆಸುವವರಿದ್ದಾರೆ. ಜೇನು ಬಿಟ್ಟವರು ಮಲೆನಾಡಿನಲ್ಲಿ ಅದನ್ನೂ ಬಾಯಿಬಿಟ್ಟು ಹೇಳಬೇಕು.

'ನಾನು ವೀಗನ್' ಎಂದರೆ ಖಾನಾವಳಿಯಲ್ಲಿ ಕೆಲಸ ಆಗದು. 'ಶುದ್ಧ ಸಸ್ಯಾಹಾರಿ' ಎಂದರೆ ಮೊದಲು ಬರುವುದೇ ಬೆಣ್ಣೆ. ಬೇಡದ್ದನ್ನು ಒಂದೊಂದಾಗಿ ಹೆಸರಿಸಬೇಕು: ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಜೇನು. ಆಮೇಲೆ ಬೇಕಾದ್ದನ್ನೂ ಹೇಳಬೇಕು: ಎಣ್ಣೆ ಒಗ್ಗರಣೆ, ಕಾಯಿಹಾಲು ಆಗುತ್ತದೆ. ಬರೀ 'ಹಾಲು ಬೇಡ' ಎಂದರೆ ಕಾಯಿಹಾಲಿನ ಪಾಯಸವೂ ತಪ್ಪಿಹೋಗುತ್ತದೆ! ಮಾತು ಮುಗಿಸುವಾಗ ಅಡುಗೆಯನ್ನು ಮನಸಾರೆ ಹೊಗಳಿದರೆ ಬೇಡವೆಂದದ್ದು ಯಾರಿಗೂ ನೋಯುವುದಿಲ್ಲ.

ಮಠ, ದೇವಸ್ಥಾನಗಳ ದಾಸೋಹದಲ್ಲಿ ಇನ್ನೂ ಸುಲಭ. ಪಂಕ್ತಿಯಲ್ಲಿ ಕೂತವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರೆ ಸೌಟು ಮುಂದಕ್ಕೆ ಹೋಗುತ್ತದೆ. ಯಾಕೆ ಎಂದು ಬಡಿಸುವವರು ಕೇಳುವುದಿಲ್ಲ. ಒಬ್ಬರಿಗೆ ಸೋಮವಾರದ ಒಪ್ಪತ್ತು, ಇನ್ನೊಬ್ಬರಿಗೆ ಈರುಳ್ಳಿ ಬಿಟ್ಟ ವ್ರತ, ಮತ್ತೊಬ್ಬರಿಗೆ ವೈದ್ಯರ ಪಥ್ಯ. ಎಲೆಯ ಮುಂದೆ ಕೂತವರಿಗೆಲ್ಲ ಏನಾದರೊಂದು ನೇಮ ಇರುತ್ತದೆ ಎಂಬುದು ಪಂಕ್ತಿಗೆ ಗೊತ್ತು.

ಕೋಡಿಯ ಮಠದ ಪಂಕ್ತಿ

ಈ ತಿಳಿವಳಿಕೆ ನಿನ್ನೆ ಮೊನ್ನೆಯದಲ್ಲ. ಶಿರಾಳಕೊಪ್ಪದ ಮಗ್ಗುಲಲ್ಲೇ ಬಳ್ಳಿಗಾವಿ ಇದೆ. ಬನವಾಸಿ ಹನ್ನೆರಡು ಸಾವಿರವೆಂಬ ನಾಡಿನ ರಾಜಧಾನಿಯಾಗಿ ಮೆರೆದ ಊರು, ಅಲ್ಲಮಪ್ರಭುವಿನ ಊರು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖ ಶೈವರ ಮಠವೊಂದಿತ್ತು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಕೋಡಿಯ ಮಠ ಎಂದೇ ಹೆಸರಾಯಿತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠವನ್ನು ವರ್ಣಿಸುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟದಲ್ಲಿ ಅದನ್ನು ಅಚ್ಚು ಹಾಕಿಸಿದರು.

ಅಲ್ಲಿ ವ್ಯಾಕರಣದ ಪಾಠ ನಡೆಯುತ್ತಿತ್ತು. ನ್ಯಾಯ, ಸಾಂಖ್ಯಗಳ ಜೊತೆ ಬೌದ್ಧ ದರ್ಶನವನ್ನೂ ಓದಿಸುತ್ತಿದ್ದರು. ರೋಗಿಗಳಿಗೆ ಮದ್ದು ಸಿಗುತ್ತಿತ್ತು. ಶಾಸನ ಬಿಡಿಸಿ ಬಿಡಿಸಿ ಹೇಳುವುದು ಅಲ್ಲಿ ಉಣ್ಣುತ್ತಿದ್ದವರನ್ನು: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು; ಕಥೆ ಹೇಳುವವರು, ಹಾಡುವವರು, ಮದ್ದಳೆ ಬಾರಿಸುವವರು, ಕೊಳಲು ನುಡಿಸುವವರು, ಕುಣಿಯುವವರು; ಜೈನ ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸರು, ಪರಮಹಂಸರು.

ಈ ಕೊನೆಯ ಸಾಲನ್ನು ಅಡುಗೆಯವರ ಕಣ್ಣಿನಿಂದ ಓದಬೇಕು. ಶೈವ ಮಠದ ಅಂಗಳದಲ್ಲಿ ಜೈನ ಯತಿಯೂ ಬಗೆಬಗೆಯ ಸಂನ್ಯಾಸಿಗಳೂ ಬಂದು ನಿಲ್ಲುತ್ತಾರೆ. ಒಬ್ಬೊಬ್ಬರ ಊಟದ ನೇಮ ಒಂದೊಂದು ಬಗೆ. ಅವರನ್ನೆಲ್ಲ ಉಣಿಸುವ ಮಠಕ್ಕೆ ಅವರವರ ನೇಮ ಗೊತ್ತಿರಲೇಬೇಕು. ನಮ್ಮ ಸೀಮೆಯ ಆತಿಥ್ಯದ ಹಿರಿಮೆ ಇರುವುದು ಇಲ್ಲಿ. ಬಂದವರ ಎಲೆಗೆ ತಮಗೆ ಇಷ್ಟವಾದದ್ದನ್ನು ಸುರಿಯುವುದಕ್ಕಿಂತ ಅವರಿಗೆ ಸಲ್ಲುವುದನ್ನು ಕೇಳಿ ಬಡಿಸುವುದು ದೊಡ್ಡದು. ಅದೇ ಶತಮಾನದ ಶರಣರು ದಾಸೋಹವೆಂದು ಬಾಳಿ ತೋರಿಸಿದ ನಡೆಯ ಜೀವಾಳವೂ ಇದೇ.

ಕೇದಾರೇಶ್ವರನ ಗುಡಿ ಇಂದಿಗೂ ನಿಂತಿದೆ. ತೊಗರ್ಸಿಗೆ ಬಂದವರು ಬಳ್ಳಿಗಾವಿಗೂ ಹೋಗಬೇಕು, ಕಲ್ಲಿನ ಕೆತ್ತನೆಯ ಜೊತೆ ಈ ಪಂಕ್ತಿಯನ್ನೂ ನೆನೆಯಬೇಕು. ಆ ಶಾಸನದ ಪಟ್ಟಿ ಮನುಷ್ಯರಿಗೇ ನಿಲ್ಲುವುದಿಲ್ಲ. ಈ ಮಠ ಎಲ್ಲ ಜೀವಿಗಳಿಗೂ ಅಭಯದ ತಾಣ ಎಂದೂ ಅದು ಹೇಳುತ್ತದೆ. ಕರುವಿನ ಪಾಲಿನ ಹಾಲು ತನಗೆ ಬೇಡವೆಂದು ಕೈ ಅಡ್ಡ ಹಿಡಿದ ಹುಡುಗಿಗೆ ಆ ಮಾತು ಹೊಸದಾಗಿ ಕೇಳಿಸಲಾರದು. ಖಾನಾವಳಿಯ ಅಕ್ಕ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಚಟ್ನಿಯ ನಡುವೆ ಗುಳಿ ಮಾಡಿ ಎಣ್ಣೆ ಬಿಡುತ್ತಾಳೆ. ಕೋಡಿಯ ಮಠದ ಸೌಟು ಈಗ ಅವಳ ಕೈಯಲ್ಲಿದೆ.