ಡಿಗ್ರಿ ಇಲ್ಲದ ಪ್ರೊಫೆಸರ್, ಊರನ್ನು ಗಿಡದ ಹಾಗೆ ನೋಡಿದವರು

ಟೌನ್ ಪ್ಲಾನಿಂಗ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಏನು? ಸ್ಕೇಲ್ ಇಟ್ಟು ಎಳೆದ ಹಾಗಿರೋ ರಸ್ತೆ, 30-40 ಸೈಟು, ಮಧ್ಯೆ ಒಂದು ಸರ್ಕಲ್ಲು. ಹಳೇ ಪೇಟೆ ಇಕ್ಕಟ್ಟಾಗಿದ್ರೆ ಒಡೆದು ಅಗಲ ಮಾಡೋದು, ಅಷ್ಟೇ. ಇದು ಸರೀನಾ ಅಂತ ನೂರು ವರ್ಷಕ್ಕೂ ಹಿಂದೆ ನಮ್ಮ ದೇಶದಲ್ಲೇ ಊರೂರು ಸುತ್ತಿ, ಮುನ್ಸಿಪಾಲಿಟಿ ಇಂಜಿನಿಯರುಗಳ ಪ್ಲಾನುಗಳ ಜೊತೆ ಗುದ್ದಾಡಿದವರು ಒಬ್ಬರಿದ್ದರು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. ಆಧುನಿಕ ನಗರ ಯೋಜನೆಯ ಹಿರಿಯರ ಪಟ್ಟಿ ಮಾಡಿದರೆ ಇವರ ಹೆಸರು ಮೊದಲ ಸಾಲಿನಲ್ಲೇ ಬರುತ್ತೆ. ತಮಾಷೆ ಅಂದ್ರೆ ಅವರು ಇಂಜಿನಿಯರ್ ಅಲ್ಲ, ಆರ್ಕಿಟೆಕ್ಟ್ ಆಗಿಯೂ ಓದಿದವರಲ್ಲ. ಬಾಟನಿ ಪ್ರೊಫೆಸರ್. ಅದೂ ಡಿಗ್ರಿ ಇಲ್ಲದ ಪ್ರೊಫೆಸರ್.

ಗೆಡ್ಡಿಸ್ ಹುಟ್ಟಿದ್ದು 1854ರಲ್ಲಿ, ಬ್ಯಾಲೆಟರ್ ಅನ್ನೋ ಸಣ್ಣ ಊರಿನಲ್ಲಿ. ಬೆಳೆದದ್ದು ಪರ್ತ್ ಪಟ್ಟಣದ ಪಕ್ಕದ ಗುಡ್ಡದ ಮೇಲೆ. ಅಪ್ಪ ಸೈನ್ಯದಲ್ಲಿದ್ದವರು. ಮಗ ಬ್ಯಾಂಕಿನಲ್ಲಿ ನೆಲೆ ನಿಲ್ಲಲಿ ಅಂತ ಮನೆಯವರ ಆಸೆ, ಸ್ವಲ್ಪ ಕಾಲ ಆ ಕೆಲಸವೂ ಆಯ್ತು. ಆಮೇಲೆ ಎಡಿನ್‌ಬರಾ ವಿಶ್ವವಿದ್ಯಾಲಯದಲ್ಲಿ ಬಾಟನಿಗೆ ಸೇರಿ ಒಂದೇ ವಾರಕ್ಕೆ ಬಿಟ್ಟು ಬಂದರು. ಒಣಗಿದ ಗಿಡಗಳಿಗೆ ಹೆಸರು ಅಂಟಿಸೋ ಪಾಠ ಅವರಿಗೆ ಹಿಡಿಸಲಿಲ್ಲ. ಲಂಡನ್‌ಗೆ ಹೋಗಿ ಡಾರ್ವಿನ್ನರ ಗೆಳೆಯ ಥಾಮಸ್ ಹಕ್ಸ್‌ಲಿ ಹತ್ತಿರ ಜೀವಶಾಸ್ತ್ರ ಕಲಿತರು, ಪರೀಕ್ಷೆ ಬರೆದು ಡಿಗ್ರಿ ತಗೊಳ್ಳೋ ಗೋಜಿಗೇ ಹೋಗಲಿಲ್ಲ. (ಇದನ್ನು ಓದಿ ಯಾರೂ ಸ್ಫೂರ್ತಿಗೊಳ್ಳಬೇಡಿ. ಅವರಿಗೆ ಪ್ಲೇಸ್‌ಮೆಂಟ್ ಸೆಲ್ ಇರಲಿಲ್ಲ.)

ಅವರ ದಾರಿ ತಿರುಗಿದ್ದು ಮೆಕ್ಸಿಕೋದಲ್ಲಿ. 1879ರಲ್ಲಿ ಸಸ್ಯ, ಪ್ರಾಣಿಗಳ ಮಾದರಿ ಸಂಗ್ರಹಿಸೋಕೆ ಹೋದವರಿಗೆ ಅಲ್ಲಿ ಕಣ್ಣು ಕಾಣದ ಹಾಗಾಯ್ತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಕೂರಬೇಕು. ಓದೋ ಹಾಗಿಲ್ಲ, ಬರೆಯೋ ಹಾಗಿಲ್ಲ. ಒಂದು ದಿನ ಕೈಯಿಂದ ಕಿಟಕಿಯ ಗಾಜಿನ ಚೌಕಗಳನ್ನು ತಡವುತ್ತಾ ಇದ್ದಾಗ ಅವರಿಗೆ ಹೊಳೆದದ್ದು: ಯೋಚನೆಗಳನ್ನೂ ಹೀಗೆ ಮನೆ ಮನೆ ಮಾಡಿ ಜೋಡಿಸಬಹುದಲ್ಲ! ದೃಷ್ಟಿ ನಿಧಾನವಾಗಿ ಮರಳಿ ಬಂತು. ಆದರೆ ಮೊದಲಿನ ಹಾಗೆ ಗಂಟೆಗಟ್ಟಲೆ ಮೈಕ್ರೋಸ್ಕೋಪಿಗೆ ಕಣ್ಣಿಡೋದು ಆಗಲಿಲ್ಲ. ಜೀವಕೋಶ ನೋಡೋದು ಬಿಟ್ಟು ಅವರು ಜನ ಮತ್ತು ಊರುಗಳ ಕಡೆ ತಿರುಗಿದರು.

ಆ ಮನೆ ಮನೆ ಚಿತ್ರ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು 3×3 ಮ್ಯಾಟ್ರಿಕ್ಸ್. ಡಯಾಗನಲ್ ಮೇಲೆ ಮೂರು ಪದ: ಸ್ಥಳ, ಕೆಲಸ, ಜನ. ಮೂಲ ಮೂರು ಪದ ಫ್ರೆಂಚ್ ಸಮಾಜಶಾಸ್ತ್ರಜ್ಞ ಲ ಪ್ಲೇಯಿಂದ ಬಂದದ್ದು, ಗೆಡ್ಡಿಸ್ ಅದನ್ನು ಹಿಗ್ಗಿಸಿದರು. ಉಳಿದ ಆರು ಮನೆಗಳು ಇವುಗಳ ಸಂಬಂಧ. ಸ್ಥಳ ಕೆಲಸವನ್ನು ಹೇಗೆ ನಿರ್ಧರಿಸುತ್ತೆ? ಸಮುದ್ರದ ಪಕ್ಕ ಇದ್ದವರು ಮೀನು ಹಿಡೀತಾರೆ. ಕೆಲಸ ಸ್ಥಳವನ್ನು ಹೇಗೆ ಬದಲಿಸುತ್ತೆ? ಮೀನು ಹಿಡಿಯೋರು ಬಂದರು ಕಟ್ತಾರೆ. ಹೀಗೆ. ಇದರ ಜೊತೆಗೆ ಅವರದ್ದೇ ಇನ್ನೊಂದು ಪ್ರಸಿದ್ಧ ಚಿತ್ರ ಇದೆ: ಬೆಟ್ಟದ ತುದಿಯಿಂದ ಸಮುದ್ರದವರೆಗೆ ಒಂದು ಕಣಿವೆಯನ್ನು ಉದ್ದಕ್ಕೆ ಸೀಳಿ ತೋರಿಸಿದ ಕ್ರಾಸ್ ಸೆಕ್ಷನ್. ಮೇಲೆ ಗಣಿಯವನು, ಮರ ಕಡಿಯುವವನು, ಬೇಟೆಗಾರ. ನಡುವೆ ಕುರುಬ, ರೈತ. ಕೆಳಗೆ ತೋಟಗಾರ, ಬೆಸ್ತ. ಊರು ತನ್ನ ಗಡಿ ಗೆರೆಯೊಳಗೆ ಮುಗಿಯಲ್ಲ, ಇಡೀ ಕಣಿವೆಯಿಂದ ಅದು ಹುಟ್ಟುತ್ತೆ ಅನ್ನೋದು ಇದರ ಅರ್ಥ. ಇವತ್ತು ರೀಜನಲ್ ಪ್ಲಾನಿಂಗ್ ಅಂತ ಏನು ಓದ್ತೀವೋ ಅದರ ಬೇರು ಇಲ್ಲಿದೆ.

ಇಷ್ಟೇ ಆಗಿದ್ರೆ ಅವರೂ ಒಬ್ಬ ಥಿಯರಿ ಮನುಷ್ಯ ಅಂದು ಮುಂದೆ ಹೋಗಬಹುದಿತ್ತು. ನಮಗೆ ಇಷ್ಟ ಆದದ್ದು ಅವರು ಮುಂದೆ ಮಾಡಿದ ಕೆಲಸ.

ಎಡಿನ್‌ಬರಾದಲ್ಲಿ ಎರಡು ಊರಿದ್ದವು. 1767ರಲ್ಲಿ ಜೇಮ್ಸ್ ಕ್ರೇಗ್ ಅನ್ನೋ ಯುವ ಆರ್ಕಿಟೆಕ್ಟ್‌ನ ಪ್ಲಾನ್ ಪ್ರಕಾರ ನೇರ ರಸ್ತೆಗಳ ನ್ಯೂ ಟೌನ್ ಕಟ್ಟೋಕೆ ಶುರು ಮಾಡಿದರು. ದುಡ್ಡಿದ್ದವರೆಲ್ಲ ಅಲ್ಲಿಗೆ ಹೋದರು, ಕೋಟೆ ಪಕ್ಕದ ಓಲ್ಡ್ ಟೌನ್ ಕೊಳೆಗೇರಿಯಾಯ್ತು. ಗೆಡ್ಡಿಸ್ 1886ರಲ್ಲಿ ಆ್ಯನಾ ಮಾರ್ಟನ್ ಅವರನ್ನು ಮದುವೆಯಾದರು. ಸ್ವಲ್ಪ ದಿನದಲ್ಲೇ ಗಂಡ ಹೆಂಡತಿ ಇಬ್ಬರೂ ನ್ಯೂ ಟೌನ್ ಕಡೆಯ ಮನೆ ಬಿಟ್ಟು ಈ ಕೊಳೆಗೇರಿಯ ಜೇಮ್ಸ್ ಕೋರ್ಟ್‌ಗೆ ವಾಸಕ್ಕೆ ಬಂದರು! ನೆಂಟರು ಏನಂದುಕೊಂಡಿರಬಹುದು, ಊಹಿಸಿ. ಬಂದವರು ಭಾಷಣ ಮಾಡಲಿಲ್ಲ. ಅಕ್ಕಪಕ್ಕದವರನ್ನು ಸೇರಿಸಿಕೊಂಡು ಗುಡಿಸಿದರು, ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂಗಿಡ ಇಟ್ಟರು. ತೀರಾ ಶಿಥಿಲವಾದ ಮನೆಗಳನ್ನಷ್ಟೇ ತೆಗೆಸಿ ಗಾಳಿ ಬೆಳಕಿಗೆ ಜಾಗ ಮಾಡಿದರು, ಮಿಕ್ಕವನ್ನು ರಿಪೇರಿ ಮಾಡಿಸಿದರು. 1887ರಲ್ಲಿ ವಿದ್ಯಾರ್ಥಿಗಳೇ ನಡೆಸೋ ಹಾಸ್ಟೆಲ್ ತೆರೆದರು. ವಾರ್ಡನ್ ಇಲ್ಲದ ಹಾಸ್ಟೆಲ್, 1887ರಲ್ಲಿ! ಕೋಟೆ ಪಕ್ಕದ ರಾಮ್ಸೆ ಗಾರ್ಡನ್ ಅನ್ನೋ ಕೆಂಪು ಬಿಳಿ ಕಟ್ಟಡಗಳ ಗುಂಪು ಅವರದ್ದೇ ಯೋಜನೆ. ಇವತ್ತು ಅಲ್ಲಿ ಮನೆ ಬೆಲೆ ಕೇಳೋದೇ ಬೇಡ. ಪಕ್ಕದಲ್ಲೇ 1892ರಲ್ಲಿ ಒಂದು ಹಳೇ ವೀಕ್ಷಣಾಲಯ ಕೊಂಡು ಔಟ್‌ಲುಕ್ ಟವರ್ ಅಂತ ಹೆಸರಿಟ್ಟರು. ತುದಿಯಲ್ಲಿ ಕ್ಯಾಮೆರಾ ಅಬ್‌ಸ್ಕ್ಯೂರಾ, ಅಂದ್ರೆ ಕತ್ತಲೆ ಕೋಣೆಯ ಮೇಜಿನ ಮೇಲೆ ಕನ್ನಡಿ, ಲೆನ್ಸುಗಳ ಮೂಲಕ ಇಡೀ ಊರಿನ ಜೀವಂತ ಚಿತ್ರ ಮೂಡಿಸೋ ಸಾಧನ. ಅಲ್ಲಿಂದ ಒಂದೊಂದೇ ಮಹಡಿ ಇಳಿದ ಹಾಗೆ ಎಡಿನ್‌ಬರಾ, ಸ್ಕಾಟ್ಲೆಂಡ್, ಯುರೋಪ್, ಕೊನೆಗೆ ಪ್ರಪಂಚ. ನಮ್ಮ ಮ್ಯಾಪ್ ಆ್ಯಪ್‌ನಲ್ಲಿ ಎರಡು ಬೆರಳಲ್ಲಿ ಜೂಮ್ ಔಟ್ ಮಾಡ್ತೀವಲ್ಲ, ಅದನ್ನು ಅವರು ಮೆಟ್ಟಿಲಿಳಿಸಿ ಮಾಡಿಸ್ತಿದ್ರು.

ಹೊಟ್ಟೆಪಾಡಿಗೆ? 1888ರಿಂದ ಡಂಡಿಯ ಕಾಲೇಜಿನಲ್ಲಿ ಬಾಟನಿ ಪ್ರೊಫೆಸರ್. ಪಾಠ ವರ್ಷಕ್ಕೆ ಬೇಸಿಗೆಯ ಒಂದೇ ಟರ್ಮ್. ಉಳಿದ ಒಂಬತ್ತು ತಿಂಗಳು ಊರುಗಳಿಗೆ.

ಇನ್ನು ಇಂಡಿಯಾ. ಮದ್ರಾಸ್ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಕರೆದರು ಅಂತ 1914ರಲ್ಲಿ ಹೊರಟರು, ಅರವತ್ತನೇ ವಯಸ್ಸಿನಲ್ಲಿ. ವರ್ಷಗಟ್ಟಲೆ ಕೂಡಿಸಿದ್ದ ನಗರ ಪ್ರದರ್ಶನದ ನಕ್ಷೆ, ಚಿತ್ರಗಳೆಲ್ಲ ಕ್ಲಾನ್ ಗ್ರಾಂಟ್ ಅನ್ನೋ ಬೇರೆ ಹಡಗಿನಲ್ಲಿ ಬರ್ತಿದ್ದವು. ಅಷ್ಟರಲ್ಲಿ ಯುದ್ಧ. ಮದ್ರಾಸಿನ ಮೇಲೆ ಗುಂಡು ಹಾರಿಸಿತ್ತಲ್ಲ ಜರ್ಮನ್ ಎಮ್ಡೆನ್, ಅದೇ ಹಡಗು ಕ್ಲಾನ್ ಗ್ರಾಂಟನ್ನೂ ಮುಳುಗಿಸಿತು. (ತಮಿಳು ಫ್ರೆಂಡ್ಸ್ ಯಾರನ್ನಾದ್ರೂ ‘ಎಮ್ಡನ್’ ಅಂದ್ರೆ ಏನು ಅಂತ ಕೇಳಿ ನೋಡಿ.) ಜೀವಮಾನದ ಪ್ರಾಜೆಕ್ಟ್ ಸಮುದ್ರದ ತಳ ಸೇರಿತು, ಬ್ಯಾಕಪ್ ಇಲ್ಲ. ಊರಲ್ಲಿದ್ದ ಗೆಳೆಯರು ಹೊಸದಾಗಿ ಚಿತ್ರ, ನಕ್ಷೆ ಕೂಡಿಸಿ ಕಳಿಸಿದರು. 1915ರ ಜನವರಿಯಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ನಡೆದೇ ಹೋಯ್ತು.

ಆಮೇಲೆ ಹತ್ತಾರು ಊರುಗಳು: ತಂಜಾವೂರು, ಮಧುರೈ, ಲಕ್ನೋ, ಇಂದೋರ್, ಲಾಹೋರ್. ಎಲ್ಲ ಕಡೆ ಅವರು ಕಂಡದ್ದು ಒಂದೇ ಥರದ ಪ್ಲಾನ್. ಇಕ್ಕಟ್ಟಾದ ಓಣಿಗಳ ಮೇಲೆ ಇಂಜಿನಿಯರ್ ಸ್ಕೇಲ್ ಇಟ್ಟು ನೇರ ಗೆರೆ ಎಳೀತಾನೆ, ಗೆರೆ ಕೆಳಗೆ ಬಂದ ಮನೆ ಎಲ್ಲ ಢಮಾರ್. ಉದ್ದೇಶ ಒಳ್ಳೇದೇ, ಪ್ಲೇಗ್ ತಡೀಬೇಕು, ಗಾಳಿ ಆಡಬೇಕು. ಆದರೆ ಗೆಡ್ಡಿಸ್ ಕೇಳಿದ ಪ್ರಶ್ನೆ ಸರಳ: ಮನೆ ಕಳಕೊಂಡವರು ಎಲ್ಲಿಗೆ ಹೋಗ್ತಾರೆ? ಪಕ್ಕದ ಓಣಿಗೆ. ಅಲ್ಲಿ ಇನ್ನೂ ಇಕ್ಕಟ್ಟು, ಬಾಡಿಗೆ ಇನ್ನೂ ಜಾಸ್ತಿ. ಅಂದ್ರೆ ರೋಗ ವಾಸಿ ಆಗಲಿಲ್ಲ, ಜಾಗ ಬದಲಾಯಿಸ್ತು.

ಅವರ ಬದಲಿ ವಿಧಾನಕ್ಕೆ ಇಟ್ಟ ಹೆಸರು ಕನ್ಸರ್ವೇಟಿವ್ ಸರ್ಜರಿ. ಕಾಲು ನೋವು ಅಂದ್ರೆ ಕಾಲೇ ಕತ್ತರಿಸೋದಲ್ಲ, ಕೆಟ್ಟಿರೋದನ್ನು ಮಾತ್ರ ತೆಗೆಯೋದು. ಮೊದಲು ದೊಡ್ಡ ಸ್ಕೇಲಿನ ನಕ್ಷೆ ಬೇಕು, ಪ್ರತಿ ಮನೆ, ಬಾವಿ, ಮರ, ಗುಡಿ ಅದರಲ್ಲಿರಬೇಕು. ಆಮೇಲೆ ಬಿಸಿಲಲ್ಲಿ ಓಣಿ ಓಣಿ ಕಾಲ್ನಡಿಗೆ. ಎಲ್ಲಿ ಪಾಳುಬಿದ್ದ ಮನೆ ಇದೆ, ಎಲ್ಲಿ ಖಾಲಿ ನಿವೇಶನ ಇದೆ, ಯಾವ ಗೋಡೆ ನಾಲ್ಕಡಿ ಹಿಂದೆ ಸರಿದರೆ ಗಾಡಿ ತಿರುಗುತ್ತೆ, ಇದೆಲ್ಲ ಗುರುತು ಹಾಕಬೇಕು. ಪಾಳು ಮನೆ ತೆಗೆದ ಜಾಗದಲ್ಲಿ ಒಂದು ಮರ, ಮಕ್ಕಳು ಆಡೋಕೆ ಅಂಗಳ. ಓಣಿ ಕಿರಿದಾಗಿದ್ರೆ ನೆರಳಾದ್ರೂ ಇರುತ್ತೆ, ಎಲ್ಲ ಓಣಿಗೂ ಗಾಡಿ ಹೋಗಲೇಬೇಕು ಅಂತ ಏನಿದೆ ಅನ್ನೋದು ಅವರ ವಾದ. ಒಡೆಯೋ ಮನೆ ಕಮ್ಮಿ, ಪರಿಹಾರ ಕಮ್ಮಿ, ಆದ್ದರಿಂದ ಖರ್ಚೂ ಕಮ್ಮಿ. ಕಷ್ಟ ಇರೋದು ಪ್ಲಾನ್ ಮಾಡೋನಿಗೆ. ಆಫೀಸಲ್ಲಿ ಕೂತು ಒಂದು ಗೆರೆ ಎಳೆಯೋಕೆ ಎರಡು ನಿಮಿಷ ಸಾಕು, ಇದಕ್ಕೆ ವಾರಗಟ್ಟಲೆ ನಡೀಬೇಕು. ಸರ್ವೇ ಲ್ಯಾಬಿನಲ್ಲಿ ನಮಗೆ ಲೆವೆಲ್, ಆ್ಯಂಗಲ್ ಎಲ್ಲ ಅಳೆಯೋಕೆ ಹೇಳಿಕೊಡ್ತಾರೆ. ಆ ಜಾಗದಲ್ಲಿ ಯಾರಿದ್ದಾರೆ ಅಂತ ಬರೆದುಕೊಳ್ಳೋಕೆ ಫೀಲ್ಡ್ ಬುಕ್ಕಿನಲ್ಲಿ ಕಾಲಮ್ಮೇ ಇಲ್ಲ.

ಇಂದೋರಿನ ಕಥೆಯಂತೂ ಸಿನಿಮಾ ಥರ ಇದೆ. ಪ್ಲೇಗ್ ಹರಡಿತ್ತು. ಕೈಯಲ್ಲಿ ನಕ್ಷೆ ಹಿಡಿದು ಓಡಾಡೋ ಈ ಗಡ್ಡದ ಬಿಳಿಯ ಮನೆ ಒಡೆಸೋಕೆ ಬಂದವನು ಅಂತ ಜನಕ್ಕೆ ಅನುಮಾನ. ಗೆಡ್ಡಿಸ್ ಒಂದು ದಿನದ ಮಟ್ಟಿಗೆ ತಾವೇ ಮಹಾರಾಜರಾಗೋ ಅನುಮತಿ ಪಡೆದರು! ದೀಪಾವಳಿಗೆ ದೊಡ್ಡ ಮೆರವಣಿಗೆ ಮಾಡಿಸ್ತೀವಿ, ಯಾವ ಬೀದಿಯವರು ಮನೆಗಳನ್ನು ಚೆನ್ನಾಗಿ ಶುಚಿ ಮಾಡ್ತಾರೋ ಆ ಬೀದಿಯಲ್ಲೇ ಅದು ಬರುತ್ತೆ ಅಂತ ಸಾರಿಸಿದರು. ಊರೆಲ್ಲ ಪೊರಕೆ ಹಿಡೀತು, ಕಸ ಗಾಡಿಗಟ್ಟಲೆ ಹೊರಗೆ ಹೋಯ್ತು. ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸ, ಪ್ಲೇಗಿನ ದೊಡ್ಡ ಇಲಿಯ ಪ್ರತಿಕೃತಿ. ಹೊಸ ಬಿಳಿ ಬಟ್ಟೆ, ಹೂಮಾಲೆ ಹಾಕಿಕೊಂಡ ಪೌರಕಾರ್ಮಿಕರಿಗೂ ಅದರಲ್ಲಿ ಗೌರವದ ಜಾಗ. ಯಾರನ್ನು ಊರು ಮುಟ್ಟಿಸಿಕೊಳ್ತಿರಲಿಲ್ಲವೋ ಅವರನ್ನು ಮೆರವಣಿಗೆಯಲ್ಲಿ ನಡೆಸಿದ್ದು ನಮಗೆ ಇಡೀ ಕಥೆಯಲ್ಲಿ ದೊಡ್ಡ ವಿಷಯ ಅನ್ಸುತ್ತೆ. ಕೊನೆಗೆ ರಾಕ್ಷಸನನ್ನು ಸುಟ್ಟರು. 1918ರಲ್ಲಿ ಇಂದೋರ್ ದರ್ಬಾರಿಗೆ ಕೊಟ್ಟ ವರದಿ ಎರಡು ಸಂಪುಟ ಇದೆ.

ಇದೇ ಹೊತ್ತಿನಲ್ಲಿ ಅವರ ಮನೆಯಲ್ಲಿ ನಡೆದದ್ದು ಬೇರೆ. 1917ರಲ್ಲಿ ದೊಡ್ಡ ಮಗ ಅಲಾಸ್ಟರ್ ಫ್ರಾನ್ಸಿನ ಯುದ್ಧರಂಗದಲ್ಲಿ ಸತ್ತ. ಆ್ಯನಾ ಆಗ ಇಂಡಿಯಾದಲ್ಲೇ ಜ್ವರದಿಂದ ಮಲಗಿದ್ದರು. ಮಗ ಹೋದ ಸುದ್ದಿಯನ್ನು ಗೆಡ್ಡಿಸ್ ಅವರಿಗೆ ಹೇಳಲೇ ಇಲ್ಲ. ಸ್ವಲ್ಪ ವಾರಗಳಲ್ಲಿ ಆ್ಯನಾ ಕೂಡ ತೀರಿಕೊಂಡರು. ಇಂದೋರಿನ ಆ ಎರಡು ಸಂಪುಟ ಇದರ ಬೆನ್ನಿಗೇ ಬಂದದ್ದು.

ಮುಂದೆ 1919ರಿಂದ 1924ರವರೆಗೆ ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರೊಫೆಸರ್, ಜಿ.ಎಸ್. ಘುರ್ಯೆ ಇವರ ಶಿಷ್ಯರು. ಜಗದೀಶಚಂದ್ರ ಬೋಸರ ಜೀವನಚರಿತ್ರೆ ಬರೆದರು. 1925ರಲ್ಲಿ ಟೆಲ್ ಅವಿವ್‌ಗೆ ಪ್ಲಾನ್ ಮಾಡಿಕೊಟ್ಟರು: ದೊಡ್ಡ ರಸ್ತೆಗಳು ಹೊರಗೆ, ಒಳಗೆ ಸಣ್ಣ ರಸ್ತೆ, ಮಧ್ಯೆ ತೋಟ. ಅದರ ಮೇಲೆ ಬೆಳೆದ ವೈಟ್ ಸಿಟಿ 2003ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕೊನೆಗಾಲದಲ್ಲಿ ಫ್ರಾನ್ಸಿನ ಮಾಂಟ್‌ಪೆಲಿಯೇಯಲ್ಲಿ ಕಾಲೇಜು ಕಟ್ಟಿಕೊಂಡಿದ್ದರು. 1932ರಲ್ಲಿ ಸರ್ ಪದವಿ ಬಂತು, ಅದೇ ಏಪ್ರಿಲ್‌ನಲ್ಲಿ ತೀರಿಕೊಂಡರು.

ಎಲ್ಲ ಊರೂ ಅವರ ಮಾತು ಕೇಳಿತು ಅಂದುಕೊಳ್ಳಬೇಡಿ. ಬಹಳಷ್ಟು ವರದಿಗಳು ಕಪಾಟಿನಲ್ಲೇ ಉಳಿದವು. ಅದಕ್ಕೆ ಅವರದ್ದೂ ಪಾಲಿದೆ: ಗಡ್ಡದೊಳಗೇ ಗೊಣಗಿದ ಹಾಗೆ ಮಾತಾಡ್ತಿದ್ರಂತೆ, ಬರವಣಿಗೆ ಸುತ್ತಿ ಬಳಸಿ ಹೋಗುತ್ತೆ, ಒಂದು ಕೆಲಸ ಮುಗಿಯೋ ಮೊದಲೇ ಮನಸ್ಸು ಇನ್ನೊಂದಕ್ಕೆ ಹಾರ್ತಿತ್ತು. ಅವರ ವಿಚಾರಗಳನ್ನು ಜಗತ್ತಿಗೆ ಅರ್ಥ ಆಗೋ ಹಾಗೆ ಹೇಳಿದ್ದು ಅಮೆರಿಕದ ಲೂಯಿಸ್ ಮಮ್‌ಫೋರ್ಡ್‌ರಂಥ ಶಿಷ್ಯರು. ಇಂಡಿಯಾದ ವರದಿಗಳಿಂದ ಆಯ್ದ ಭಾಗಗಳನ್ನು ಜಾಕ್ವೆಲಿನ್ ಟಿರ್‌ವಿಟ್ ಅವರು 1947ರಲ್ಲಿ ಒಂದು ಸಣ್ಣ ಪುಸ್ತಕ ಮಾಡಿದ್ದಾರೆ. ಸಿಕ್ಕರೆ ಮೊದಲು ತಂಜಾವೂರಿನ ನಕ್ಷೆಗಳ ಪುಟ ತೆಗೆಯಿರಿ. ಅದೇ ಬಡಾವಣೆಗೆ ಇಂಜಿನಿಯರ್ ಹಾಕಿದ ಗೆರೆಗಳು ಒಂದರಲ್ಲಿ, ಗೆಡ್ಡಿಸ್ ಹಾಕಿದ್ದು ಇನ್ನೊಂದರಲ್ಲಿ. ಎರಡನ್ನೂ ಪಕ್ಕ ಪಕ್ಕ ಇಟ್ಟು, ಯಾವುದರಲ್ಲಿ ಎಷ್ಟು ಮನೆ ಉಳಿದಿವೆ ಅಂತ ನೀವೇ ಎಣಿಸಿ ನೋಡಿ.