ಕಬ್ಬನ್ ಕಾಲದ ಕಬ್ಬು, ಶಿರಾಜದ ದಿವಾನ

ಶ್ರೀರಂಗಪಟ್ಟಣದಿಂದ ಕನ್ನಂಬಾಡಿಗೆ ಹೋಗುವ ಪ್ರವಾಸಿಗೆ ಪಾಲಹಳ್ಳಿಯಲ್ಲಿ ಏನೂ ಕೆಲಸವಿಲ್ಲ. ಕಿಟಕಿಯಿಂದ ಒಂದಿಷ್ಟು ಬೆಲ್ಲದ ವಾಸನೆ ಬರುತ್ತದೆ, ಅಷ್ಟೇ. ಗೆಜೆಟಿಯರಿನ ಒಂದು ಪುಟದ ನಕಲನ್ನು ಜೇಬಿನಲ್ಲಿಟ್ಟುಕೊಂಡು ಅಲ್ಲಿ ಇಳಿದ ಪತ್ರಕರ್ತನೊಬ್ಬ ವಾಸನೆಯ ಜಾಡು ಹಿಡಿದು ಆಲೆಮನೆಯೊಂದಕ್ಕೆ ಹೋದ. ಕೊಪ್ಪರಿಗೆಯಲ್ಲಿ ಪಾಕ ಕೊತಕೊತ ಕುದಿಯುತ್ತಿತ್ತು. ಒಲೆಗೆ ಕಬ್ಬಿನ ರಚ್ಚು ತುಂಬುತ್ತಿದ್ದ ಹಿರಿಯರನ್ನು ಕೇಳಿದ: ‘ಯಜಮಾನ್ರೇ, ಇಲ್ಲಿ ಹಿಂದೆ ಸಕ್ಕರೆ ಕಾರ್ಖಾನೆ ಇತ್ತಂತಲ್ಲ?’

‘ಕಾರ್ಖಾನೆ ಇರೋದು ಮಂಡ್ಯದಲ್ಲಿ ಸ್ವಾಮಿ. ಇಲ್ಲೇನಿದ್ರೂ ಬೆಲ್ಲ.’

ಪುಟದಲ್ಲಿದ್ದದ್ದು ಬೇರೆ. 1847ರಲ್ಲಿ ಗ್ರೋವ್ಸ್ ಕಂಪನಿಯವರು ಇದೇ ಊರಲ್ಲಿ ‘ಅಷ್ಟಗ್ರಾಮ ಷುಗರ್ ವರ್ಕ್ಸ್’ ತೆರೆದಿದ್ದರು. ಕಬ್ಬು ಅರೆಯುವ ಗೋಜಿಗೆ ಹೋಗದೆ, ರೈತರು ಕಾಯಿಸಿದ ಬೆಲ್ಲವನ್ನೇ ಕೊಂಡು ಶುದ್ಧಿಮಾಡಿ ಸಕ್ಕರೆ ತೆಗೆಯುತ್ತಿದ್ದರು. ಆ ಸಕ್ಕರೆಗೆ 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಬಹುಮಾನವೂ ಬಂತು. ಬೆಂಗಳೂರಿಗೆ ರೈಲು ಬಂದದ್ದೇ 1864ರಲ್ಲಿ. ಅಂದರೆ ಪಾಲಹಳ್ಳಿಯ ಸಕ್ಕರೆ ಹಡಗು ಕಾಣುವ ಮೊದಲು ಎತ್ತಿನ ಗಾಡಿಯಲ್ಲಿ ಕುಲುಕಿಕೊಂಡು ಘಟ್ಟ ಇಳಿಯಬೇಕಿತ್ತು. ದಾರಿಯಲ್ಲಿ ಒಂದು ಮಳೆ ಬಿದ್ದಿದ್ದರೆ ಬಹುಮಾನದ ಗತಿ ಏನಾಗುತ್ತಿತ್ತೋ! ಅದು ಮಾರ್ಕ್ ಕಬ್ಬನ್ ಮೈಸೂರನ್ನು ಆಳುತ್ತಿದ್ದ ಕಾಲ. ಕಬ್ಬನ್ ಕಾಲದ ಕಬ್ಬು ಎನ್ನಬಹುದು.

ಅದೇ ಕಬ್ಬನ್ನರ ಆಪ್ತರಲ್ಲೊಬ್ಬ ಪರ್ಷಿಯಾದ ಶಿರಾಜದಿಂದ ಬಂದ ಕುದುರೆ ವ್ಯಾಪಾರಿ ಅಲಿ ಅಸ್ಕರ್. 1824ರಲ್ಲಿ, ಹದಿನಾರರ ಪ್ರಾಯದಲ್ಲಿ ಬೆಂಗಳೂರಿಗೆ ಬಂದವನು, ಕುದುರೆ ಮಾರಿ, ಬಂಗಲೆ ಕಟ್ಟಿಸಿ ಸಿರಿವಂತನಾದ. ಅವನ ಮೊಮ್ಮಗನೇ 1883ರಲ್ಲಿ ಹುಟ್ಟಿದ ಮಿರ್ಜಾ ಇಸ್ಮಾಯಿಲ್.

ಮಿಕ್ಕ ಕಥೆ ಮೈಸೂರು ಸೀಮೆಯವರಿಗೆ ಗೊತ್ತಿರುವುದೇ: ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ, ಪೊಲೀಸ್ ಅಧಿಕಾರಿ, ಅರಸರ ಆಪ್ತ ಕಾರ್ಯದರ್ಶಿ, 1926ರಿಂದ 1941ರವರೆಗೆ ದಿವಾನ. ಆಮೇಲೆ ಜೈಪುರ, ಹೈದರಾಬಾದ್. ಅದೇ ಪರ್ಷಿಯಾದ ಗಿಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಆಡಳಿತ ಹಿಡಿದ ಮಹಮೂದ್ ಗವಾನ್ ಬೀದರಿಗೆ ಮದರಸಾ ಕೊಟ್ಟಂತೆ, ಮಿರ್ಜಾ ಕನ್ನಂಬಾಡಿ ಕಟ್ಟೆಯ ಬುಡಕ್ಕೆ ಬೃಂದಾವನ ಕೊಟ್ಟರು. ಕಾಶ್ಮೀರದ ಶಾಲಿಮಾರ್ ತೋಟ ಅವರ ಕಣ್ಣಲ್ಲಿತ್ತು. ಉದ್ಯಾನತಜ್ಞ ಕ್ರುಂಬಿಗೆಲ್ ಜೊತೆಗಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ನೀರನ್ನು ನೋಡಿದರೆ ತಾತನ ಊರಿನ ತೋಟಗಳ ನೆನಪು ಮೊಮ್ಮಗನ ರಕ್ತದಲ್ಲಿತ್ತೇನೋ ಅನಿಸುತ್ತದೆ.

ಆದರೆ ಈ ಸೀಮೆಯ ಹೊಟ್ಟೆ ತುಂಬಿಸಿದ್ದು ಕಾರಂಜಿಯಲ್ಲ, ನಾಲೆ. ವೈಸ್‌ರಾಯ್ ಇರ್ವಿನ್ ಹೆಸರು ಹೊತ್ತು ಹುಲಿಕೆರೆಯ ಸುರಂಗ ದಾಟಿ ಹರಿದ ನೀರು ಮಂಡ್ಯದ ಹೊಲಗಳಿಗೆ ಕಬ್ಬು ತಂದಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಬೆನ್ನಿಗೆ ನಿಂತರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಎಲ್ಲವೂ ಮಿರ್ಜಾ ದಿವಾನಗಿರಿಯಲ್ಲೇ.

ಹೂವಿನ ಪಾತಿಯೊಂದು ಸೊಟ್ಟಗಿದ್ದರೂ ಸಹಿಸದ ಈ ಸೊಗಸುಗಾರ ಜವಾಬ್ದಾರಿ ಸರ್ಕಾರ ಕೇಳಿದವರನ್ನೂ ಅಷ್ಟಾಗಿ ಸಹಿಸಲಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡು ಹಾರಿತು. ಬೃಂದಾವನದ ದೀಪಗಳನ್ನು ಎಷ್ಟು ಮೆಚ್ಚಿದರೂ ಈ ಲೆಕ್ಕ ಅಳಿಸುವುದಿಲ್ಲ.

ಜೈಪುರದ ಪೇಟೆಯ ದೊಡ್ಡ ರಸ್ತೆ ಇಂದಿಗೂ ಮಿರ್ಜಾ ಇಸ್ಮಾಯಿಲರ ಹೆಸರಿನದು. ಇಲ್ಲಿ ಇರ್ವಿನ್ ನಾಲೆಯ ಹೆಸರು ಬದಲಾದಾಗ ಅದು ವಿಶ್ವೇಶ್ವರಯ್ಯ ನಾಲೆಯಾಯಿತು.

ಪಾಲಹಳ್ಳಿಯ ಹಿರಿಯರು ಬಿಸಿ ಬೆಲ್ಲದ ತುಂಡೊಂದನ್ನು ಎಲೆಯ ಮೇಲಿಟ್ಟು ಕೊಟ್ಟರು. ಬೃಂದಾವನ ಮಾಡಿಸಿದ್ದು ಯಾರು ಎಂದು ಕೇಳಿದ್ದಕ್ಕೆ, ‘ದಿವಾನ್ರು’ ಎಂದರು.

‘ಯಾವ ದಿವಾನ್ರು?’

‘ಇನ್ಯಾರು ಸ್ವಾಮಿ, ವಿಶ್ವೇಶ್ವರಯ್ಯನೋರು!’