ಕಸದ ಗಾಡಿ ಬರುವ ದಿನ

ಕಾರ್ಕಳದ ಕಡೆಯ ಹಳ್ಳಿಗಳಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ಗುಡ್ಡದ ಮೇಲೊಂದು, ಗದ್ದೆಯಾಚೆ ಇನ್ನೊಂದು, ಅಡಿಕೆ ತೋಟದ ಒಳಗೆ ಮತ್ತೊಂದು. ಡಾಂಬರು ರಸ್ತೆ ಬಿಟ್ಟು ಕೆಂಪು ಮಣ್ಣಿನ ದಾರಿಗೆ ಇಳಿದ ಪಂಚಾಯತಿನ ಸ್ವಚ್ಛವಾಹಿನಿ ನಾಲ್ಕು ಮನೆ ಮುಟ್ಟುವಷ್ಟರಲ್ಲಿ ಎಷ್ಟೋ ಡೀಸೆಲ್ ಉರಿದಿರುತ್ತದೆ. ಗಾಡಿ ಓಡಿಸುವವರು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆ. ಪಕ್ಕದಲ್ಲಿ ಕೈಗವಸು ತೊಟ್ಟ ಇನ್ನೊಬ್ಬರು.

‘ಅಕ್ಕ, ಕಸ ಉಂಟಾ?’

‘ಉಂಟುಂಟು, ಸ್ವಲ್ಪ ನಿಲ್ಲಿ.’

ಒಳಗಿಂದ ಒಂದು ಗೋಣಿ ಬರುತ್ತದೆ. ಹಸಿ ಕಸ ಇಲ್ಲಿ ಮನೆ ದಾಟುವುದು ಕಡಿಮೆ. ಸಿಪ್ಪೆ ದನಕ್ಕೆ, ಉಳಿದದ್ದು ತೆಂಗಿನ ಬುಡಕ್ಕೆ. ಗೋಣಿಯಲ್ಲಿರುವುದು ಹಾಲಿನ ತೊಟ್ಟೆ, ಎಣ್ಣೆಯ ತೊಟ್ಟೆ, ಚಿಪ್ಸ್ ಪ್ಯಾಕೆಟ್, ಹರಿದ ಚಪ್ಪಲಿ, ಸುಟ್ಟ ಬಲ್ಬು. ಮೊದಲು ಇವೆಲ್ಲ ಬಚ್ಚಲ ಒಲೆಗೋ ತೋಡಿಗೋ ಹೋಗುತ್ತಿದ್ದವು.

ಪಂಚಾಯತಿನ ಕಸ ವಿಂಗಡಿಸುವ ಶೆಡ್ಡಿನಲ್ಲಿ ಗೋಣಿ ಬಿಚ್ಚಿದಾಗ ಮನೆಮನೆಯ ಅಭ್ಯಾಸ ಕಾಣುತ್ತದೆ. ತೊಳೆದು ಒಣಗಿಸಿದ ತೊಟ್ಟೆಗಳು ಕೈಗೆ ಅಂಟದೆ ಬೇರೆಯಾಗುತ್ತವೆ. ತೊಳೆಯದವುಗಳಲ್ಲಿ ಹಾಲು ಹುಳಿತು ಹುಳು ಬಿದ್ದಿರುತ್ತದೆ; ಅವನ್ನೂ ಒಂದೊಂದಾಗಿ ಬಿಡಿಸಲೇಬೇಕು. ಮಕ್ಕಳ ಡೈಪರನ್ನು ಯಾರೋ ಪತ್ರಿಕೆಯಲ್ಲಿ ಸುತ್ತದೆ ಹಾಗೇ ತುರುಕಿದ್ದರೆ ಇಡೀ ಗೋಣಿ ಕೆಡುತ್ತದೆ. ಮಳೆಗಾಲದಲ್ಲಿ ರಟ್ಟು ನೆನೆದು ಮುದ್ದೆಯಾದರೆ ಗುಜರಿಯವರು ಮುಟ್ಟುವುದಿಲ್ಲ. ಬಾಟಲಿಗೆ, ಒಣ ರಟ್ಟಿಗೆ ಬೆಲೆ ಉಂಟು. ಚಿಪ್ಸ್ ಪ್ಯಾಕೆಟನ್ನು ಕೊಳ್ಳುವವರಿಲ್ಲ. ಅದು ನಿಟ್ಟೆಯ ದೊಡ್ಡ ಘಟಕಕ್ಕೆ ಹೋಗಿ, ಹೊರೆ ಕಟ್ಟಿಸಿಕೊಂಡು ಸಿಮೆಂಟ್ ಕಾರ್ಖಾನೆಯ ಕುಲುಮೆ ಸೇರಬೇಕು. ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಸಾಮರ್ಥ್ಯದ ಈ ಘಟಕ ಸುತ್ತಲಿನ ಸುಮಾರು 40 ಪಂಚಾಯತ್‌ಗಳಿಗೆಂದು ಕಟ್ಟಿದ್ದು. ಒಂದೊಂದು ಪಂಚಾಯತೂ ಹೊರೆ ಕಟ್ಟುವ ಬೇಲಿಂಗ್ ಯಂತ್ರ ಕೊಳ್ಳಲಾಗದು, ಹಂಚಿಕೊಂಡರೆ ಆಗುತ್ತದೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ, 5000ದವರೆಗೆ ಜನರಿರುವ ಗ್ರಾಮಕ್ಕೆ ಘನ ತ್ಯಾಜ್ಯದ ಬಾಬ್ತು ತಲೆಗೆ 60 ರೂಪಾಯಿವರೆಗೆ ನೆರವು ಇತ್ತು. 3000 ಜನರಿದ್ದರೆ 1.80 ಲಕ್ಷ. ಅದರಲ್ಲೂ ಶೇ 30ನ್ನು ಪಂಚಾಯತ್ ತನ್ನ ಹಣಕಾಸು ಆಯೋಗದ ಪಾಲಿನಿಂದ ಭರಿಸಬೇಕಿತ್ತು. ಆ ಹಣ ಒಂದು ಸಲಕ್ಕೆ. 15ನೇ ಹಣಕಾಸು ಆಯೋಗ 2021–26ರ ಅನುದಾನದಲ್ಲಿ ಶೇ 30ನ್ನು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಇಂಥದ್ದಕ್ಕೇ ಎಂದು ಮೀಸಲಿಡದ ಮುಕ್ತ ಅನುದಾನವನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಶೆಡ್ಡು ಎದ್ದಿತು, ಗಾಡಿ ಬಂತು. ಪ್ರತಿ ತಿಂಗಳ ಡೀಸೆಲ್ಲು, ಟಯರು, ಮಹಿಳೆಯರ ದುಡಿಮೆಯ ಹಣ ಉಳಿದೇ ಇದೆ. ಗುಜರಿ ಮಾರಿದ ದುಡ್ಡು ಅಷ್ಟಕ್ಕೆಲ್ಲ ಸಾಲದು.

ಉಳಿದ ದಾರಿ ಮನೆಮನೆಯಿಂದ ಪಡೆಯುವ ಕಸದ ಶುಲ್ಕ. ಅದನ್ನು ಕೇಳುವ ಹೊಣೆಯೂ ಕಸ ಎತ್ತುವವರ ತಲೆಗೇ ಬಿದ್ದಿದೆ. ಕೈಗವಸು ಕಳಚಿ ರಶೀದಿ ಪುಸ್ತಕ ತೆಗೆದರೆ, ‘ನಮ್ಮಲ್ಲಿ ಕಸವೇ ಆಗುವುದಿಲ್ಲ ಮಾರಾಯ್ರೆ’ ಎಂಬ ಉತ್ತರ. ಮುಂದಿನ ವಾರ ಅದೇ ಮನೆಯ ತೊಟ್ಟೆಗಳು ರಸ್ತೆಬದಿಯ ಮೋರಿಯಲ್ಲಿ. ಊರಿನ ಹೊಲಸು ಬಳಿಯುವವರು ತಮ್ಮ ಕೂಲಿಗಾಗಿ ಮನೆಮನೆಯ ಮೆಟ್ಟಿಲಲ್ಲಿ ಕಾದು ನಿಲ್ಲುವುದು ನ್ಯಾಯವಲ್ಲ.

ಶುಲ್ಕವನ್ನು ಮನೆ ಕಂದಾಯದ ಜೊತೆಗೇ ಪಂಚಾಯತ್ ಕಚೇರಿಯಲ್ಲಿ ವಸೂಲು ಮಾಡಲಿ. ಬಡ ಮನೆಗೆ ಕಡಿಮೆ, ಅಂಗಡಿಗೆ ಹೆಚ್ಚು, ಒಂದೇ ಮದುವೆಗೆ ಗಾಡಿ ತುಂಬಿಸುವ ಸಭಾಭವನಕ್ಕೆ ಇನ್ನೂ ಹೆಚ್ಚು ಇರಲಿ. ಶುಲ್ಕ ಬಂದರೂ ಬಾರದಿದ್ದರೂ ತಿಂಗಳ ಮೊದಲ ವಾರ ಆ ಮಹಿಳೆಯರ ಕೈಗೆ ಸಂಬಳ ಸೇರಲಿ. ಕೊರತೆ ಪಂಚಾಯತಿನದ್ದಾಗಲಿ, ಅವರದ್ದಲ್ಲ. ಮುಂದಿನ ಗ್ರಾಮಸಭೆಗೆ ಹೋದವರು ಇದೊಂದನ್ನು ಎದ್ದು ನಿಂತು ಕೇಳಿ. ಹಾಲಿನ ತೊಟ್ಟೆಯನ್ನು ಇವತ್ತಿನಿಂದಲೇ ತೊಳೆದಿಡಿ.